ಸಿಲಿಂಡರ್ ಹಿಂದಿನ ಮರಿ

ಪುಟ್ಟಿ,

ನಾವಿಲ್ಲೆ ಆರಾಮ ಇದ್ದೀವಿ, ಕೋಥ್ರೂಡದಾಗ ಮೂರು ದಿನದಿಂದ ಮಳಿ ಬಿಟ್ಟಿಲ್ಲ. ನಮ್ಮ ಬಿಲ್ಡಿಂಗ್ ಪಾರ್ಕಿಂಗ್‌ನಾಗ ಹುಟ್ಟಿದ್ದ ಎರಡು ಬೆಕ್ಕಿನ ಮರಿ ಈಗ ಮನಿವೇ ಆಗ್ಯಾವ. ಒಂದ ತಾಯಿ, ಒಂದ ಸೂಲು, ತಿನ್ನೋದೂ ಒಂದ ತಾಟಿನಾಗ, ಆದ್ರ ಕುಕ್ಕರ್ ಸೀಟಿ ಹೊಡದ ಕೂಡ್ಲೆ ಕೆಂಚ ಅಡಗಿ ಕಟ್ಟಿಗೆ ಜಿಗಿದು ಮೂಗು ಚಾಚ್ತದ, ಕರೆವ್ವ ಸಿಲಿಂಡರ್ ಹಿಂದ ಸೇರ್ಕೊಂಡ್ರ ಅನ್ನ ಆರೋತನಕ ಹೊರಗ ಬರಂಗಿಲ್ಲ. ಎರಡು ತಿಂಗಳಾತು, ಒಂದ ದಿನಾನೂ ಅದಲು ಬದಲು ಆಗಿಲ್ಲ ನೋಡು.

ಅಪ್ಪ ಬ್ಯಾರೆ ಇರಬೇಕು ಅಂದ್ಕೊಂಡೆ, ಬೆಕ್ಕಿನಾಗ ಹಂಗೂ ಆಗ್ತದ. ಆಮ್ಯಾಲೆ ಅಮೆಜಾನ್ ಮೊಲ್ಲಿ ಅನ್ನೋ ಮೀನಿನ ಬಗ್ಗೆ ಓದಿದೆ. ಅದರಾಗ ಗಂಡು ಮೀನ ಇಲ್ಲ, ಮರಿ ಎಲ್ಲಾ ತಾಯಿದ ನಕಲು. ಜರ್ಮನಿಯೊಳಗ ಹುಟ್ಟಿದ ಕೂಡ್ಲೆ ಒಂದೊಂದನ್ನ ಬ್ಯಾರೆ ಬ್ಯಾರೆ ತೊಟ್ಟಿಗೆ ಹಾಕಿ, ಎಲ್ಲಾಕ್ಕೂ ಒಂದ ನಮೂನಿ ನೀರು ಬೆಳಕು ಊಟ ಕೊಟ್ಟು ಬೆಳಸಿದ್ರಂತ, 2017ರಾಗ ಅದು ಪ್ರಕಟ ಆತು. ಅಷ್ಟಾದ್ರೂ ಕೆಲವು ದಿನಾ ಜಾಸ್ತಿ ಓಡಾಡೋವು, ಕೆಲವು ಕಮ್ಮಿ. ಜೀನ್ ಒಂದ, ಬೆಳಸಿದ್ದು ಒಂದ, ಸ್ವಭಾವ ಬ್ಯಾರೆ! ಎರಡು ಸಲ ಓದಿದೆ ನಾ.

ನೆದರ್ಲೆಂಡ್ಸ್‌ನಾಗ ಗ್ರೇಟ್ ಟಿಟ್ ಅಂತ ಗುಬ್ಬಿಯಂಥ ಹಕ್ಕಿ ಅದ. ಹೊಸಾ ರೂಮಿನಾಗ ಸುಳ್ಳ ಗಿಡ ನಿಲ್ಲಿಸಿ ಬಿಟ್ರ ಒಂದು ಪಟಪಟ ಎಲ್ಲಾ ಗಿಡಕ್ಕೂ ಹೋಗಿ ಬರ್ತದ, ಇನ್ನೊಂದು ಒಂದ ಕಡೆ ಕುಂತು ನೋಡ್ತದ, ಆ ಗುಣ ಒಂದಿಷ್ಟು ಮರಿಗೂ ಬರ್ತದ. ಕಾಡಿನಾಗ ಬೀಚ್ ಅನ್ನೋ ಗಿಡದ ಬೀಜ ಭರಪೂರ ಬಿದ್ದ ವರ್ಷ ಒಂದು ಥರದ್ದು ಉಳೀತದ, ಬೀಜ ಇಲ್ಲದ ವರ್ಷ ಇನ್ನೊಂದು ಥರದ್ದು, ಗಂಡು ಹೆಣ್ಣಿಗೆ ಅದೂ ಉಲ್ಟಾ. ಅದಕ್ಕ ಎರಡೂ ಇನ್ನೂ ಅವ. ಇದು ನಂಗ ಬಾಳ ಹಿಡಿಸ್ತು.

ಇದನ್ನ ಓದಿ ನನಗ ಆ ರಾಜ್ಯೋತ್ಸವದ ದಿನ ನೆನಪಾತು, ನಿನಗ ಏಳು ವರ್ಷ, ಅಣ್ಣನ್ನ ನೋಡಿ ಕಲಿ ಅಂತ ಸ್ಟೇಜ್ ಮ್ಯಾಲೆ ದಬ್ಬಿದ್ದೆ, ನೀ ಪರದೆ ಅಂಚು ಮುಷ್ಟಿಯೊಳಗ ಹಿಡಕೊಂಡು ನನ್ನ ಕಡೆನ ನೋಡಾಕತ್ತಿದ್ದಿ. ಮನಿಗೆ ಬಂದ ಮ್ಯಾಲೂ ಬೈದೆ. ತಪ್ಪಾತು ಪುಟ್ಟಿ, ನಿಂದೇನೂ ಕೊರತಿ ಇರಲಿಲ್ಲ.

ನಿನ್ನೆ ರಾತ್ರಿ ಲೈಟ್ ಆರಿಸಿ ಕುಂತಿದ್ದೆ, ಕರೆವ್ವ ತಾನಾಗೇ ಬಂದು ನನ್ನ ಅಂಗಾಲಿಗೆ ಬೆನ್ನ ಹಚ್ಚಿ ಮಲಗಿತು. ದೀಪಾವಳಿಗೆ ಬಂದಾಗ ಅದನ್ನ ಎತ್ತಾಕ ಹೋಗಬ್ಯಾಡ, ನೆಲದ ಮ್ಯಾಲೆ ಸುಮ್ನ ಕುಂಡ್ರು.

ನಿನ್ನ ಅವ್ವ