ಟೈಮಿಂಗ್ ಕೆಲಸದಲ್ಲಿ ಒಂದು ಬದಲಾವಣೆ: ನಮ್ಮ ಗ್ರಾಹಕರಿಗೆ ಪತ್ರ

ನಮಸ್ಕಾರ,

ಮುಂದಿನ ತಿಂಗಳ 1ನೇ ತಾರೀಖಿನಿಂದ ನಮ್ಮ ಸ್ಟುಡಿಯೋಗೆ ಮಿಕ್ಸಿಂಗ್‌ಗೆ ಬರುವ ಹಾಡುಗಳನ್ನು, ನೀವಾಗಿ ಕೇಳದ ಹೊರತು, ಕ್ಲಿಕ್ಕಿನ ಗ್ರಿಡ್‌ಗೆ (ತಾಳ ಹಿಡಿಯಲು ಕೇಳಿಸುವ ಟಿಕ್ ಟಿಕ್ ಸದ್ದಿಗೆ ಸರಿಯಾಗಿ ಪರದೆಯ ಮೇಲೆ ಇರುವ ಸಮ ಅಂತರದ ಗೆರೆಗಳಿಗೆ) ಎಳೆದು ಕೂರಿಸುವುದಿಲ್ಲ. ಇಲ್ಲಿವರೆಗೆ ಆ ಕೆಲಸ ಪ್ಯಾಕೇಜಿನ ಒಳಗೇ ಇತ್ತು. ಇನ್ನು ಮೇಲೆ ಅದಕ್ಕೆ ಗಂಟೆಯ ಲೆಕ್ಕದಲ್ಲಿ ಬೇರೆ ರೇಟು. ಅದಕ್ಕೆ ತಕ್ಕಂತೆ ಮಿಕ್ಸಿಂಗ್ ರೇಟು ಇಳಿಸಿದ್ದೇವೆ.

ಮೊದಲು ನಮಗೆ ಬರುತ್ತಿದ್ದದ್ದು ಹೆಚ್ಚಾಗಿ ಕೀಬೋರ್ಡ್ ಮತ್ತು ಪ್ರೋಗ್ರಾಮ್ ಮಾಡಿದ ರಿದಮ್. ಅದಕ್ಕೆ ಗ್ರಿಡ್ ಸರಿ. ಈಗ ಮೃದಂಗ, ಘಟ, ತಬಲಾ, ಕೊಳಲು ಕೂತು ನುಡಿಸಿದ್ದೇ ಜಾಸ್ತಿ. ಅದಕ್ಕೆ ಗ್ರಿಡ್ ಹೊಂದುವುದಿಲ್ಲ.

ಈ ಎಳೆಯುವ ಕೆಲಸಕ್ಕೆ ಒಂದೊಂದು ರೆಕಾರ್ಡಿಂಗ್ ಸಾಫ್ಟ್‌ವೇರ್‌ನಲ್ಲಿ ಒಂದೊಂದು ಸಾಧನ: ಪ್ರೋ ಟೂಲ್ಸ್‌ನಲ್ಲಿ ಎಲಾಸ್ಟಿಕ್ ಆಡಿಯೋ, ಲಾಜಿಕ್‌ನಲ್ಲಿ ಫ್ಲೆಕ್ಸ್ ಟೈಮ್, ಏಬಲ್ಟನ್‌ನಲ್ಲಿ ವಾರ್ಪ್. ಹೆಸರು ಬೇರೆ, ಕೆಲಸ ಹೆಚ್ಚುಕಮ್ಮಿ ಒಂದೇ. ಒಂದೊಂದು ಪೆಟ್ಟನ್ನೂ ಗುರುತಿಸಿ ಹತ್ತಿರದ ಗೆರೆಗೆ ಎಳೆಯುತ್ತವೆ, ನಡುವಿನ ಸದ್ದನ್ನು ಹಿಗ್ಗಿಸಿ ಕುಗ್ಗಿಸಿ ಹೊಂದಿಸುತ್ತವೆ. 120 ಬಿಪಿಎಂನ (ನಿಮಿಷಕ್ಕೆ 120 ಬೀಟ್) ಹಾಡು ತಗೊಳ್ಳಿ. ಒಂದು ಬೀಟ್ ಅಂದರೆ 500 ಮಿಲಿಸೆಕೆಂಡ್. ಚತುರಶ್ರಕ್ಕೆ (ಬೀಟ್‌ಗೆ ನಾಲ್ಕು ಭಾಗ) ಇಟ್ಟ ಗ್ರಿಡ್‌ನಲ್ಲಿ ಗೆರೆಗಳು 125, 250, 375ರಲ್ಲಿ ಇರುತ್ತವೆ. ಮೃದಂಗದವರು ನಡುವೆ ಒಂದಾವರ್ತ ತಿಶ್ರ ನಡೆಗೆ (ಬೀಟ್‌ಗೆ ಮೂರು ಭಾಗ) ಹೋದರು ಅನ್ನಿ. ಅವರ ಪೆಟ್ಟು ಬೀಳುವುದು 167 ಮತ್ತು 333ರಲ್ಲಿ. ಸಾಫ್ಟ್‌ವೇರ್ ಮೊದಲನೆಯದನ್ನು 125ಕ್ಕೂ ಎರಡನೆಯದನ್ನು 375ಕ್ಕೂ ತಳ್ಳುತ್ತದೆ. ತಿಶ್ರ ಹೋಗಿ ಕುಂಟುನಡೆ ಆಗುತ್ತದೆ. ತಾಳ ತಪ್ಪಿದವರು ಯಾರು? ಕೇಳುವವರು ಬೈಯುವುದು ಮೃದಂಗದವರನ್ನೇ, ಅಲ್ವಾ?

ಭಾವಗೀತೆ ಹಾಡುವವರದ್ದೂ ಇದೇ ಕಥೆ. ಸಾಲನ್ನು ಚೂರು ತಡಮಾಡಿ ಎತ್ತುವುದು ಬೇಕಂತಲೇ. ಸಾಫ್ಟ್‌ವೇರ್‌ಗೆ ಅದು ಸುಮ್ನೆ ಲೇಟ್. ವೀಣೆಯ ಮೀಟನ್ನು ಜಾಸ್ತಿ ಎಳೆದರಂತೂ ಮೊದಲ ಟಂಕಾರವೇ ಮಬ್ಬಾಗುತ್ತದೆ.

ಒಂದು ಕೆಲಸ ಮಾತ್ರ ಮೊದಲಿನಂತೆಯೇ ಇರುತ್ತದೆ, ಅದಕ್ಕೆ ದುಡ್ಡಿಲ್ಲ. ಇಡೀ ಟ್ರ್ಯಾಕ್ ಒಂದೇ ಸಮನಾಗಿ ತಡವಾಗಿದ್ದರೆ ಹಾಗೇ ಹಿಂದಕ್ಕೆ ಸರಿಸಿಕೊಡುತ್ತೇವೆ. ಸರಿಸುವುದರಿಂದ ಸದ್ದಿಗೆ ಏನೂ ಆಗುವುದಿಲ್ಲ. ಮನೆಯಲ್ಲಿ ಹಾಡಿ ಕಳಿಸುವವರ ಫೈಲುಗಳಲ್ಲಿ ಹೆಚ್ಚಾಗಿ ಇರುವುದು ಈ ತೊಂದರೆಯೇ. ಅದು ಹಾಡಿದವರ ತಾಳದ ತಪ್ಪಲ್ಲ, ಉಪಕರಣದ ತಡ. ಬಫರ್ (ಕಂಪ್ಯೂಟರ್ ಸದ್ದನ್ನು ಒಮ್ಮೆಗೆ ಕೂಡಿಟ್ಟುಕೊಳ್ಳುವ ತುಣುಕು) 1024 ಸ್ಯಾಂಪಲ್ ಇಟ್ಟರೆ, ಸೆಕೆಂಡಿಗೆ 48,000 ಸ್ಯಾಂಪಲ್ ಅಂದರೆ 48 ಕಿಲೋಹರ್ಟ್ಸ್‌ನಲ್ಲಿ ಅದೊಂದೇ 21 ಮಿಲಿಸೆಕೆಂಡ್. ಸಾಫ್ಟ್‌ವೇರ್ ಇದನ್ನು ತಾನೇ ಸರಿದೂಗಿಸುತ್ತದೆ, ಆದರೆ ಡ್ರೈವರ್ (ಸೌಂಡ್ ಸಾಧನವನ್ನು ಕಂಪ್ಯೂಟರಿಗೆ ಜೋಡಿಸುವ ಪ್ರೋಗ್ರಾಮ್) ಹೇಳಿದ ಲೆಕ್ಕ ಸರಿ ಇದ್ದರೆ ಮಾತ್ರ. ಬ್ಲೂಟೂತ್ ಹೆಡ್‌ಫೋನ್ ಹಾಕಿದರೆ ತಡ 100 ಮಿಲಿಸೆಕೆಂಡ್ ದಾಟುವುದು ಮಾಮೂಲು. ಎಂಪಿ3 ಮಾಡಿ ಕಳಿಸಿದರೆ ಶುರುವಿನಲ್ಲೇ ಒಂದಿಷ್ಟು ಮೌನ ಸೇರಿಕೊಳ್ಳುತ್ತದೆ.

ಹಾಗಾಗಿ ವೈರ್ ಇರುವ ಹೆಡ್‌ಫೋನ್ ಬಳಸಿ, ವೇವ್ ಫೈಲ್ ಕಳಿಸಿ. ಇನ್ನೊಂದು ಸಣ್ಣ ಉಪಾಯ ಇದೆ. ಹಾಡುವ ಮೊದಲು ಹೆಡ್‌ಫೋನನ್ನು ಮೈಕ್‌ಗೆ ಒತ್ತಿ ಹಿಡಿದು ನಾಲ್ಕು ಕ್ಲಿಕ್ ರೆಕಾರ್ಡ್ ಮಾಡಿ. ಕ್ಲಿಕ್ ಇರಬೇಕಾದ ಜಾಗಕ್ಕೂ ನಿಮ್ಮ ಫೈಲಿನಲ್ಲಿ ಬಿದ್ದ ಜಾಗಕ್ಕೂ ಇರುವ ದೂರವೇ ನಿಮ್ಮ ಸಿಸ್ಟಮ್ಮಿನ ತಡ. ಅಷ್ಟು ಸಿಕ್ಕರೆ ನಮ್ಮ ಕೆಲಸ ಎರಡು ನಿಮಿಷದ್ದು. ಸ್ಯಾಂಪಲ್ ರೇಟ್ (ಸೆಕೆಂಡಿಗೆ ಎಷ್ಟು ಸ್ಯಾಂಪಲ್) ಎಷ್ಟು ಅಂತಲೂ ಬರೆಯಿರಿ. 44.1 ಕಿಲೋಹರ್ಟ್ಸ್ ಫೈಲನ್ನು 48 ಅಂತ ತೆರೆದರೆ 4 ನಿಮಿಷದ ಹಾಡು ಸುಮಾರು 20 ಸೆಕೆಂಡ್ ಬೇಗ ಮುಗಿಯುತ್ತದೆ, ಶ್ರುತಿಯೂ ಏರುತ್ತದೆ.

ಗ್ರಿಡ್‌ಗೆ ಕೂರಿಸಲೇಬೇಕು ಅನ್ನುವವರಿಗೆ ಖಂಡಿತ ಮಾಡಿಕೊಡುತ್ತೇವೆ. ಡ್ಯಾನ್ಸ್ ಹಾಡು, ಜಾಹೀರಾತು ಜಿಂಗಲ್ ಇಂಥವಕ್ಕೆ ಅದು ಬೇಕೇ ಬೇಕು. ಎಲ್ಲಿಂದ ಎಲ್ಲಿಗೆ ಅಂತ ಗುರುತು ಹಾಕಿ ಕಳಿಸಿ. ಮೊದಲು ಪಲ್ಲವಿ ಒಂದನ್ನೇ ಮಾಡಿ ಕೇಳಿಸುತ್ತೇವೆ, ನೀವು ಒಪ್ಪಿದ ಮೇಲೆ ಉಳಿದದ್ದು. ಮೃದಂಗಕ್ಕೆ ಎಡ ಬಲ ಎರಡು ಮೈಕ್ ಇಟ್ಟಿದ್ದರೆ ಎರಡೂ ಫೈಲು ಬೇಕು. ಎರಡನ್ನೂ ಒಟ್ಟಿಗೇ ಸರಿಸದಿದ್ದರೆ ಫೇಸ್ (ಎರಡು ಮೈಕಿನ ಸದ್ದಿನ ಅಲೆಗಳ ಹೊಂದಾಣಿಕೆ) ಕೆಟ್ಟು ಸದ್ದು ಟೊಳ್ಳಾಗುತ್ತದೆ.

ಈಗಾಗಲೇ ಅಡ್ವಾನ್ಸ್ ಕೊಟ್ಟಿರುವವರಿಗೆ ಹಳೇ ರೇಟು, ಹಳೇ ಪದ್ಧತಿ. ಹೊಸದಕ್ಕೆ ಬದಲಾಗಬೇಕಿದ್ದರೆ ಸೆಷನ್‌ಗೆ ಮೊದಲು ಒಂದು ಮೆಸೇಜ್ ಹಾಕಿ, ಸಾಕು.

ನಿಮ್ಮ,
ಸ್ಟುಡಿಯೋ ಬಳಗ