ಎಷ್ಟು ಸಿಗ್ಮಾ ಎಂದೂ ಬರೆಯಿರಿ

ಮಾನ್ಯರೇ,

ಜಿನೀವಾ ಬಳಿಯ ಕಣ ಡಿಕ್ಕಿ ಯಂತ್ರ ಎಲ್‌ಎಚ್‌ಸಿಯ ದತ್ತಾಂಶದಲ್ಲಿ ‘ಹೊಸ ಕಣದ ಸುಳಿವು’ ಎಂದು ವರದಿ ಮಾಡುವಾಗ ಅದು ಎಷ್ಟು ಸಿಗ್ಮಾ (ಹೊಸ ಕಣವಿಲ್ಲದೆ ಆಕಸ್ಮಿಕವಾಗಿ ಇಂಥ ಸುಳಿವು ಮೂಡುವುದು ಎಷ್ಟು ಅಪರೂಪ ಎಂಬುದರ ಅಳತೆ) ಎಂಬುದನ್ನೂ ದಯವಿಟ್ಟು ಪ್ರಕಟಿಸಿ. 2015ರ ಡಿಸೆಂಬರ್‌ನಲ್ಲಿ ಫೋಟಾನ್ (ಬೆಳಕಿನ ಕಣ) ಜೋಡಿಗಳ ದ್ರವ್ಯರಾಶಿ ನಕ್ಷೆಯಲ್ಲಿ, 750 ಜಿಇವಿ (ಕಣಗಳ ದ್ರವ್ಯರಾಶಿ ಅಳೆಯುವ ಮಾನ) ಆಸುಪಾಸು, ಅಲ್ಲಿನ ಶೋಧಕಗಳಾದ ಅಟ್ಲಾಸ್ ಮತ್ತು ಸಿಎಂಎಸ್ ಎರಡರಲ್ಲೂ ನಿರೀಕ್ಷೆಗಿಂತ ಹೆಚ್ಚು ಜೋಡಿಗಳ ಉಬ್ಬು ಕಂಡಿತ್ತು. ಅಟ್ಲಾಸ್‌ನಲ್ಲಿ ಆ ಒಂದು ಜಾಗವನ್ನಷ್ಟೇ ನೋಡಿದರೆ ಮೂರೂವರೆ ಸಿಗ್ಮಾಗೂ ಹೆಚ್ಚು. ಆದರೆ ನಕ್ಷೆಯ ಬೇರೆಲ್ಲಾದರೂ ಇಂಥದೇ ಉಬ್ಬು ಆಕಸ್ಮಿಕವಾಗಿ ಏಳಬಹುದಿತ್ತಲ್ಲ. ಅದನ್ನೂ ಲೆಕ್ಕಕ್ಕೆ ಹಿಡಿದರೆ ಉಳಿದದ್ದು ಸುಮಾರು ಎರಡು ಸಿಗ್ಮಾ. ಅಷ್ಟಕ್ಕೇ ನೂರಾರು ಪ್ರಬಂಧಗಳು ಬಂದವು! 2016ರ ಆಗಸ್ಟ್‌ನಲ್ಲಿ, ಷಿಕಾಗೊದ ಕಣಭೌತ ಸಮ್ಮೇಳನದ ಹೊತ್ತಿಗೆ, ಹೆಚ್ಚಿನ ದತ್ತಾಂಶ ಸೇರಿದಾಗ ಉಬ್ಬು ಕರಗಿಹೋಯಿತು. ಆವಿಷ್ಕಾರ ಎನ್ನಲು ಐದು ಸಿಗ್ಮಾ ಬೇಕು. ಅಂದರೆ ಹೊಸ ಕಣವೇ ಇಲ್ಲದಿದ್ದರೂ ಅಷ್ಟು ದೊಡ್ಡ ಉಬ್ಬು ಮೂಡುವ ಸಾಧ್ಯತೆ ಸುಮಾರು 35 ಲಕ್ಷಕ್ಕೆ ಒಂದು. ಹೇಳಿದ ಸಿಗ್ಮಾ ಒಂದು ಜಾಗದ್ದೋ, ಇಡೀ ನಕ್ಷೆಯದ್ದೋ ಎಂದು ವರದಿಗಾರರು ಕೇಳಲೇಬೇಕು.

– ಭೌತವಿಜ್ಞಾನ ಅಧ್ಯಾಪಕರು, ಮೈಸೂರು