ಸಾಧನ ಕಪಾಟಿನಲ್ಲಿ ಕೂತರೆ ಯಾರಿಗೆ ಲಾಭ?

ಎಲ್ಲರಿಗೂ ನಮಸ್ಕಾರ. "ಮಾತಾಡುವ ಆ್ಯಪ್ ಕೊಟ್ಟರೆ ಮಗು ಬಾಯಿ ಬಿಡೋದೇ ಇಲ್ಲ" ಅನ್ನುವ ಮಾತು ನಮ್ಮ ಶಿಕ್ಷಕರ ಗುಂಪಿನಲ್ಲಿ ಮತ್ತೆ ಮತ್ತೆ ಬರುತ್ತಿದೆ. ಮಾತಾಡಲು ಕಷ್ಟಪಡುವ ಮಗು ಚಿತ್ರ ಒತ್ತಿದರೆ ಆ ಪದವನ್ನು ದನಿಯಲ್ಲಿ ಹೇಳುವ ಆ್ಯಪ್ ಅಥವಾ ಸಾಧನದ ಬಗ್ಗೆ ಈ ಮಾತು. ಭಯ ಸಹಜ, ಆದರೆ ದಯವಿಟ್ಟು ಇದನ್ನು ಪೋಷಕರಿಗೆ ಹೇಳಬೇಡಿ. ಬೆಳವಣಿಗೆಯ ತೊಂದರೆ ಇರುವವರ ಬಗ್ಗೆ ನಡೆದ ಹಳೆಯ ಅಧ್ಯಯನಗಳನ್ನೆಲ್ಲ ಒಟ್ಟಿಗಿಟ್ಟು ನೋಡಿದ ಒಂದು ವಿಮರ್ಶೆ 2006ರಲ್ಲೇ ಬಂದಿದೆ. ಅದರಲ್ಲಿ ಗಟ್ಟಿ ವಿಧಾನದಿಂದ ಮಾಡಿದ ಅಧ್ಯಯನಗಳಲ್ಲಿ ಚಿತ್ರ, ಸನ್ನೆ ಅಥವಾ ಸಾಧನ ಬಳಸಿದ ಒಬ್ಬರಲ್ಲೂ ಮಾತು ಕಡಿಮೆಯಾಗಿರಲಿಲ್ಲ, ಹೆಚ್ಚಿನವರಲ್ಲಿ ಸ್ವಲ್ಪ ಜಾಸ್ತಿಯೇ ಆಗಿತ್ತು.

ನನಗನಿಸುವುದು, ನಮ್ಮಲ್ಲಿ ಹೆಚ್ಚಿನವರಿಗೆ ತಂತ್ರಜ್ಞಾನದ ಮೇಲೆ ಸಿಟ್ಟಿಲ್ಲ. ತರಬೇತಿ ಅಂತ ಒಂದು ದಿನ ಕೂರಿಸಿ ಕಳಿಸುತ್ತಾರೆ, ಆಮೇಲೆ ಪದಗಳನ್ನು ಯಾರು ಸೇರಿಸಬೇಕು, ಚಾರ್ಜ್ ಯಾರು ಹಾಕಬೇಕು, ಕೆಟ್ಟರೆ ಯಾರನ್ನು ಕೇಳಬೇಕು ಅಂತ ಹೇಳುವವರೇ ಇರುವುದಿಲ್ಲ. ಕೊನೆಗೆ ಸಾಧನ ಕಪಾಟು ಸೇರುತ್ತದೆ, "ಈ ಮಗುವಿಗೆ ಆಗಲ್ಲ" ಅಂತ ಕಡತದಲ್ಲಿ ಬರೆದಾಗುತ್ತದೆ. ಇದು ಅನ್ಯಾಯ ಅಲ್ವಾ?

ಮಗು ಕಲಿಯುವ ಮೊದಲು ನಾವು ಬಳಸಬೇಕು. ಮಾತಾಡುತ್ತಲೇ "ಬೇಡ", "ಇನ್ನೂ ಬೇಕು", "ನಿಲ್ಲಿಸು" ಒತ್ತಿ ತೋರಿಸಿ. ಉತ್ತರ ಬರಲು ವಾರಗಳೇ ಹಿಡಿಯಬಹುದು. ಶಿಕ್ಷೆ ಅಂತ ಸಾಧನ ಕಿತ್ತುಕೊಳ್ಳಬೇಡಿ, ಅದು ಮಗುವಿನ ದನಿ. ಹಾಗೆಯೇ ಓದಲು ಕಷ್ಟಪಡುವ ಮಗು ಸಾಧನದಿಂದ ಪಾಠವನ್ನು ಕೇಳಿಸಿಕೊಂಡು ಕಲಿತರೆ ಅದು ಮೋಸವೂ ಅಲ್ಲ, ಸೋಮಾರಿತನವೂ ಅಲ್ಲ.

ಮುಂದಿನ ಸಭೆಗೆ ಮೊದಲು ನಿಮ್ಮ ತರಗತಿಯಲ್ಲಿ ಸುಮ್ನೆ ಬಿದ್ದಿರುವ ಸಾಧನ ಯಾವುದು, ಯಾಕೆ ಅಂತ ಇಲ್ಲಿ ಬರೆಯಿರಿ. ಮಗುವಿನ ಹೆಸರು, ಫೋಟೋ ಹಾಕಬೇಡಿ.